ಎಲೆಮರೆಯ ಒಕ್ಕಲು

ಲಾಲ್‌ಬಾಗಿನಲ್ಲಿ ಮರದ ಕೆಳಗೆ ಕತ್ತೆತ್ತಿ ನಿಂತವನನ್ನು ಬೆಂಗಳೂರು ಸುಮ್ಮನೆ ಬಿಡುವುದಿಲ್ಲ. ವಾಕಿಂಗಿಗೆ ಬಂದ ಹಿರಿಯರು ಪಕ್ಕದಲ್ಲಿ ನಿಂತು ‘ಏನ್ ಸಾರ್, ಜೇನಾ?’ ಎನ್ನುತ್ತಾರೆ. ‘ಅಲ್ಲ ಸಾರ್, ಹಕ್ಕಿ’ ಎಂದರೆ ಅವರೂ ಕತ್ತೆತ್ತುತ್ತಾರೆ. ಅರ್ಧ ನಿಮಿಷ ಬರೀ ಎಲೆ ನೋಡಿ, ಆಮೇಲೆ ನನ್ನನ್ನೊಮ್ಮೆ ನೋಡಿ, ‘ನೋಡಿ, ನೋಡಿ’ ಎಂದು ಹೊರಟುಬಿಡುತ್ತಾರೆ.

ಅವರನ್ನು ದೂರುವಂತಿಲ್ಲ. ಕಾರ್ತಿಕದ ಚಳಿ ಮೆಲ್ಲಗೆ ಶುರುವಾಗುವ ಹೊತ್ತಿಗೆ ನಾನು ಹುಡುಕಿಕೊಂಡು ಹೋಗುವ ಎಲೆ ಉಲಿಯಕ್ಕಿಗೆ, ಅಂದರೆ ಗ್ರೀನಿಶ್ ವಾರ್ಬ್ಲರ್‌ಗೆ, ಯಾರ ಕಣ್ಣಿಗೂ ಬೀಳುವ ಆಸೆಯಿಲ್ಲ. ಉದ್ದ ಸುಮಾರು 10 ಸೆಂಟಿಮೀಟರ್, ತೂಕ 10 ಗ್ರಾಮಿನ ಒಳಗೆ. ಬೆನ್ನು ಮಾಸಲು ಹಸಿರು, ಹೊಟ್ಟೆ ಮಾಸಲು ಬಿಳಿ. ಕಣ್ಣಿನ ಮೇಲೊಂದು ಉದ್ದನೆಯ ತಿಳಿಹಳದಿ ಹುಬ್ಬು, ರೆಕ್ಕೆಯ ಮೇಲೊಂದು ತೆಳು ಗೆರೆ. ಇದ್ದ ಅಲಂಕಾರವೆಲ್ಲ ಅಷ್ಟೇ. ಅದೂ ಹಕ್ಕಿ ಒಂದು ಕ್ಷಣ ನಿಂತರೆ ತಾನೇ ಕಾಣುವುದು!

ಹೊಂಗೆಯ ಕೆಳಗೊಂಬೆಗೆ ಇಳಿದಾಗ ಅದರ ಕೆಲಸದ ವೈಖರಿ ನೋಡಬೇಕು. ಕತ್ತು ಓರೆ ಮಾಡಿ ತಲೆಯ ಮೇಲಿನ ಎಲೆಯ ಅಡಿಯನ್ನು ದಿಟ್ಟಿಸುತ್ತದೆ. ಜೇಡವೋ ಎಳೆ ಹುಳುವೋ ಕಂಡರೆ ಚಂಗನೆ ನೆಗೆದು, ಕಚ್ಚಿ, ಮುಂದಿನ ರೆಂಬೆಯಲ್ಲಿ ಇಳಿದಿರುತ್ತದೆ. ಕೂತಲ್ಲೂ ರೆಕ್ಕೆಯ ತುದಿ ಅದುರುತ್ತಲೇ ಇರುತ್ತದೆ. ಬೈನಾಕ್ಯುಲರ್ ಹೊಂದಿಸಿಕೊಳ್ಳುವಷ್ಟರಲ್ಲಿ ಉಳಿಯುವುದು ಅಲ್ಲಾಡುವ ಎಲೆ ಮಾತ್ರ.

ಹಾಗಾಗಿ ಈ ಹವ್ಯಾಸದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ‘ಚಿಸ್‌ವೀ’ ಎಂಬ ಎರಡು ತುಣುಕಿನ ಚೂಪು ದನಿ ಕೇಳಿದರೆ ಸಾಕು, ಆಸಾಮಿ ಒಳಗಿದ್ದಾನೆ. ಇದು ಹಳೆಯ ವಿದ್ಯೆ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ನೋಡಲು ಒಂದೇ ತರಹ ಇರುವ ಈ ಜಾತಿಯ ಹಕ್ಕಿಗಳನ್ನು ಹಾಡು ಕೇಳಿಯೇ ಮೂರು ಬಗೆ ಎಂದು ಬೇರ್ಪಡಿಸಿದ್ದ.

ಹಕ್ಕಿಗಳದೂ ಅದೇ ದಾರಿ. ನಮ್ಮ ಎಲೆ ಉಲಿಯಕ್ಕಿಯ ಬಳಗ ಹಿಮಾಲಯದಿಂದ ಹೊರಟು ಟಿಬೆಟ್ ಪ್ರಸ್ಥಭೂಮಿಯನ್ನು ಎಡಕ್ಕೂ ಬಲಕ್ಕೂ ಬಳಸಿ ಸೈಬೀರಿಯಾದವರೆಗೆ ಹಬ್ಬಿದೆ. ಸಾಗಿದಂತೆಲ್ಲ ಹಾಡು ಇಷ್ಟಿಷ್ಟೇ ಬದಲಾಗಿ, ಅತ್ತ ಎರಡು ಕವಲುಗಳು ಎದುರಾಗುವಲ್ಲಿ ಒಂದರ ಹಾಡಿಗೆ ಇನ್ನೊಂದು ಕಿವಿಗೊಡುವುದಿಲ್ಲ, ಕೂಡುವುದೂ ಇಲ್ಲ. ಡ್ಯಾರೆನ್ ಇರ್ವಿನ್, ಸ್ಟಾಫಾನ್ ಬೆನ್ಷ್, ಟ್ರೆವರ್ ಪ್ರೈಸ್ ಇದನ್ನು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು.

ಇದೇ ಪ್ರೈಸ್ ಅದಕ್ಕೂ ಮೊದಲು ದಕ್ಷಿಣ ಭಾರತದಲ್ಲಿ ಈ ಹಕ್ಕಿಯ ಚಳಿಗಾಲದ ಬದುಕನ್ನು ಅಧ್ಯಯನ ಮಾಡಿ 1981ರಲ್ಲಿ ಪ್ರಕಟಿಸಿದ್ದರು. ಇಲ್ಲಿ ಗಂಡು ಹೆಣ್ಣೆನ್ನದೆ ಒಂದೊಂದೂ ಒಂಟಿಯಾಗಿ ತನ್ನದೇ ಸರಹದ್ದು ಹಾಕಿಕೊಂಡು ಕಾಯುತ್ತದೆ. ಆ ‘ಚಿಸ್‌ವೀ’ ನಮ್ಮ ಮನರಂಜನೆಗಲ್ಲ, ‘ಇದು ನನ್ನ ಜಾಗ’ ಎಂಬ ತಕರಾರು. ಅಕ್ಟೋಬರಿನಲ್ಲಿ ಎರಡು ಹಕ್ಕಿ ರೆಂಬೆಯಿಂದ ರೆಂಬೆಗೆ ಅಟ್ಟಾಡಿಸಿಕೊಂಡು ಜಗಳವಾಡುತ್ತವೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಕೂಡುವ ವೇಳೆಗೆ ವ್ಯಾಜ್ಯ ತೀರಿ, ಈ ಮಾವು ಇವನಿಗೆ, ಆ ಮಳೆಮರ ಅವನಿಗೆ ಎಂದು ಇತ್ಯರ್ಥವಾಗಿರುತ್ತದೆ.

ನನಗೆ ರುಚಿಸುವುದು ಇದೇ. ಪತ್ರಿಕೆಗಳು ಪ್ರತಿ ಚಳಿಗಾಲ ‘ವಿದೇಶಿ ಅತಿಥಿಗಳ ಆಗಮನ’ ಎಂದು ಬರೆಯುತ್ತವೆ. ಲೆಕ್ಕ ಹಾಕಿ ನೋಡಿ: ಸೆಪ್ಟೆಂಬರಿನಲ್ಲಿ ಬರತೊಡಗಿದ್ದು ಏಪ್ರಿಲ್‌ವರೆಗೂ ಇಲ್ಲೇ ಇರುತ್ತದೆ. ಉತ್ತರದಲ್ಲಿ ಗೂಡು ಕಟ್ಟಿ ಮರಿ ಮಾಡುವುದಕ್ಕೆ ಬೇಸಗೆಯ ಕೆಲವೇ ತಿಂಗಳು. ಬಾಣಂತನಕ್ಕೆ ತವರಿಗೆ ಹೋಗಿಬರುವ ಸೊಸೆಯನ್ನು ಯಾವ ಮನೆಯವರಾದರೂ ಅತಿಥಿ ಎನ್ನುತ್ತಾರೆಯೇ?

ಮನೆಯವರೆಂದು ಒಪ್ಪಿದ ಮೇಲೆ ಅವರ ಅನುಕೂಲವನ್ನೂ ನೋಡಬೇಕಲ್ಲ. ಎಲೆ ಉಲಿಯಕ್ಕಿಗೆ ದೊಡ್ಡ ಮರಗಳಿವೆ, ಹೇಗೋ ನಡೆಯುತ್ತದೆ. ಪಾಪ, ‘ಟಕ್, ಟಕ್’ ಎನ್ನುತ್ತ ಪೊದೆಯೊಳಗೇ ಚಳಿಗಾಲ ಕಳೆಯುವ ಅದರ ದಾಯಾದಿ ಬ್ಲೈತ್ಸ್ ರೀಡ್ ವಾರ್ಬ್ಲರ್‌ಗೆ ಕಷ್ಟ. ಪಾರ್ಕ್ ಚೊಕ್ಕಟವಾಗಿರಲಿ ಎಂದು ಲಂಟಾನ, ದಾಸವಾಳದ ಬುಡವನ್ನೆಲ್ಲ ಸವರಿಬಿಟ್ಟರೆ ಅದು ಇರುವುದೆಲ್ಲಿ? ಪ್ರತಿ ಪಾರ್ಕಿನಲ್ಲೂ ಒಂದು ಮೂಲೆ ಕತ್ತರಿ ಬೀಳದೆ ಕೆದರಿಕೊಂಡೇ ಇರಲಿ. ವಾಕಿಂಗಿನವರು ಯಾರಾದರೂ ‘ಇಲ್ಯಾಕೆ ಸಾರ್ ಕ್ಲೀನ್ ಮಾಡಿಲ್ಲ?’ ಎಂದರೆ, ‘ಒಳಗೆ ಜನ ಇದ್ದಾರೆ’ ಎಂದು ಹೇಳುವುದು ನನಗಿರಲಿ.