ರಾತ್ರಿ ಕರೆ ಬಾರದ ವಿಭಾಗ

ಅಕ್ಕನ ಮಗಳು ಎಂಬಿಬಿಎಸ್ ಮುಗಿಸಿ, ನೀಟ್ ಪಿಜಿ ಬರೆದು, ಸೀಟು ಆರಿಸುವ ಹೊತ್ತಿಗೆ ಡೊಂಬಿವಲಿಯ ನಮ್ಮ ಮನೆಯಲ್ಲಿದ್ದಳು. ಕಂಪ್ಯೂಟರ್ ಕೆಲಸ ಅಂದರೆ ಮಾಮನೇ ಸರಿ ಎಂದು ಪಟ್ಟಿ ಮಾಡುವ ಹೊಣೆ ನನಗೆ ಬಿತ್ತು. ಐರೋಲಿಯ ಆಫೀಸಿಗೆ ಹೋಗುವಾಗ ಠಾಣೆಯಲ್ಲಿ ಲೋಕಲ್ ಬದಲಿಸುತ್ತಾ ಮೊಬೈಲಿನಲ್ಲೇ ಎಕ್ಸೆಲ್ ತುಂಬಿಸಿದೆ: ಕಾಲೇಜು, ವಿಭಾಗ, ಶುಲ್ಕ, ಹಿಂದಿನ ವರ್ಷದ ಕೊನೆಯ ರ‍್ಯಾಂಕ್.

ತುಂಬಿಸುತ್ತಾ ಹೋದಂತೆ ಆ ಲೋಕದ ಜಾತಿ ವ್ಯವಸ್ಥೆ ಅರ್ಥವಾಯಿತು. ರೇಡಿಯಾಲಜಿ, ಚರ್ಮರೋಗ ಮೊದಲೇ ಖಾಲಿ. ರಾತ್ರಿ ಕರೆ ಕಡಿಮೆ, ಸಂಪಾದನೆ ಚೆನ್ನಾಗಿದೆ. ಜನರಲ್ ಮೆಡಿಸಿನ್ನಿಗೂ ನೂಕುನುಗ್ಗಲು, ಮುಂದೆ ಹೃದಯತಜ್ಞರಾಗಲು ಅದೇ ಬಾಗಿಲು. ಅನಾಟಮಿ, ಬಯೋಕೆಮಿಸ್ಟ್ರಿಯನ್ನು ಕೇಳುವವರಿಲ್ಲ. 2023ರಲ್ಲಿ ಉಳಿದ ಸೀಟು ತುಂಬಲು ಅರ್ಹತೆಯ ಪರ್ಸೆಂಟೈಲನ್ನೇ ಸೊನ್ನೆಗೆ ಇಳಿಸಿದ್ದರು!

ಇವಳಿಗೆ ಬೇಕಿದ್ದದ್ದು ಹೆರಿಗೆ ವಿಭಾಗ. ಇಂಟರ್ನ್‌ಶಿಪ್ಪಿನಲ್ಲಿ ಒಂದು ರಾತ್ರಿ ಅಳದೆ ಹುಟ್ಟಿದ ಮಗುವೊಂದು ಎರಡು ನಿಮಿಷದ ಮೇಲೆ ಅತ್ತಿತಂತೆ. ಅಷ್ಟೇ ಕಾರಣ. ಭಾವನಿಗೆ ರೇಡಿಯಾಲಜಿಯೇ ಆಗಬೇಕು. ಅವಳ ರ‍್ಯಾಂಕಿಗೆ ಅದು ಸಿಗುತ್ತಿದ್ದದ್ದು ಡೀಮ್ಡ್ ಕಾಲೇಜಿನಲ್ಲಿ ಮಾತ್ರ. "ಕಾರ್ಕಳದ ತೋಟ ಇದೆಯಲ್ಲ, ಮಾರಿದರಾಯಿತು. ರಾತ್ರಿಯೆಲ್ಲ ಹೆರಿಗೆ ಮಾಡಿಸಿದರೆ ಇವಳ ಸಂಸಾರ ನೋಡುವವರು ಯಾರು?"

ನಾನು ಜಾಣತನ ತೋರಿಸಲು ಆನಂದಿಬಾಯಿ ಜೋಶಿಯ ಮಾತೆತ್ತಿದೆ. ನಮ್ಮ ಪಕ್ಕದ ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದವಳು. ಹದಿನಾಲ್ಕಕ್ಕೆ ಹೆತ್ತ ಮಗು ಹತ್ತೇ ದಿನಕ್ಕೆ ಹೋಯಿತು. ಆ ಸಂಕಟದಲ್ಲೇ ವೈದ್ಯೆಯಾಗಲು ಹೊರಟು 1886ರಲ್ಲಿ ಅಮೆರಿಕದಲ್ಲಿ ಪದವಿ ಪಡೆದಳು. ಪ್ರಬಂಧವೂ ಹೆರಿಗೆಯ ಕುರಿತೇ. ಭಾವ ಮೇಷ್ಟ್ರು, ಬಿಡುತ್ತಾರೆಯೇ? "ಮರುವರ್ಷವೇ ಕ್ಷಯದಿಂದ ಸತ್ತಳಲ್ಲ, ಇಪ್ಪತ್ತೊಂದಕ್ಕೆ" ಎಂದರು. ನನ್ನ ಬಾಯಿ ಕಟ್ಟಿತು.

ಅಂದು ರಾತ್ರಿ ಮತ್ತೆ ಅವರ ಫೋನು. "ನೀನೇ ಮೇಲೆ ಕೆಳಗೆ ಮಾಡಿಬಿಡು." ಲಾಗಿನ್ ನನ್ನ ಲ್ಯಾಪ್‌ಟಾಪಿನಲ್ಲೇ ತೆರೆದಿತ್ತು. ಅವಳು ಮಲಗಿದ್ದಳು. ಮಾಡಿಬಿಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಬೆಳಿಗ್ಗೆ ಲಾಕ್ ಮಾಡುವ ಮುಂಚೆ ಅವಳು ಪಟ್ಟಿ ನೋಡಿದಳು. ಕೂಗಾಡಲಿಲ್ಲ. "ಮಾಮಾ, ನೀವು ಕಂಪ್ಯೂಟರ್ ಸೈನ್ಸ್ ತಗೊಂಡಿದ್ದು ಹೇಗೆ?" ಅಂದಳು.

2004ರಲ್ಲಿ ಬೆಂಗಳೂರಿನ ಸಿಇಟಿ ಕೌನ್ಸೆಲಿಂಗಿನಲ್ಲಿ ನನಗೆ ಬೇಕಿದ್ದದ್ದು ಸಿವಿಲ್. ಸೇತುವೆಗಳ ಹುಚ್ಚು. ಹಿಂದೆ ನಿಂತಿದ್ದ ಅಪ್ಪ ನನ್ನ ಭುಜ ಒತ್ತಿದರು, ನನ್ನ ಬಾಯಿಂದ ಕಂಪ್ಯೂಟರ್ ಸೈನ್ಸ್ ಎಂದು ಬಂತು. ಮುಂದೆ ಎಂಟೆಕ್ಕೂ ಅದರಲ್ಲೇ ಆಯಿತು. ಕಷ್ಟವೇನೂ ಆಗಲಿಲ್ಲ, ಸುಳ್ಳು ಹೇಳಬಾರದು. ಆದರೂ ವಾಶಿ ಸೇತುವೆ ದಾಟುವಾಗ ಇಂದಿಗೂ ಕಿಟಕಿಯ ಕಡೆಯೇ ನಿಲ್ಲುತ್ತೇನೆ.

ಇದನ್ನು ಅವಳಿಗೆ ಹೇಳಲಿಲ್ಲ. ಲ್ಯಾಪ್‌ಟಾಪ್ ಅವಳತ್ತ ತಿರುಗಿಸಿ ಚಹಾ ಮಾಡಲು ಎದ್ದೆ.

ಸರಕಾರಿ ಕಾಲೇಜಿನಲ್ಲಿ ಹೆರಿಗೆ ವಿಭಾಗವೇ ಸಿಕ್ಕಿತು. ತೋಟ ಉಳಿಯಿತು. ಭಾನುವಾರ ಫೋನ್ ಮಾಡುತ್ತಾಳೆ, ಮಾತಿನ ನಡುವೆಯೇ ನಿದ್ದೆ ಹೋಗುತ್ತಾಳೆ. ಭಾವ ನನಗೆ ಫೋನ್ ಮಾಡುತ್ತಾರೆ: "ನಡುವೆ ರೇಡಿಯಾಲಜಿಗೆ ಬದಲಿಸಲು ಬರುತ್ತದೆಯೇನೋ, ನಿನ್ನ ಕಂಪ್ಯೂಟರಿನಲ್ಲಿ ಸ್ವಲ್ಪ ನೋಡು."