ಪರವಾನಗಿ ಬೇಡದ ಮರ

ನೆರಳಿನ ಬೆಲೆ ತಿಳಿಯಬೇಕೆಂದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಬಳ್ಳಾರಿಯ ಯಾವುದಾದರೂ ಸರ್ಕಾರಿ ಕಚೇರಿಯ ಆವರಣಕ್ಕೆ ಹೋಗಬೇಕು. ಆವರಣ ಎಷ್ಟೇ ವಿಶಾಲವಾಗಿರಲಿ, ಬೈಕುಗಳೆಲ್ಲ ಇರುವ ಒಂದು ಬೇವಿನ ಬುಡಕ್ಕೇ ಒತ್ತಿಕೊಂಡು ನಿಂತಿರುತ್ತವೆ. ನೆರಳು ಸರಿದ ಹಾಗೆ ಕಡತ ಮುಚ್ಚಿಟ್ಟು ಬಂದು ಬೈಕು ಸರಿಸಿ ಹೋಗುವ ಗುಮಾಸ್ತರೂ ಉಂಟು. ಕೋಟೆ ಗುಡ್ಡವೋ, ಹಗಲೆಲ್ಲ ಕಾದ ಬಂಡೆ, ರಾತ್ರಿ ಆ ಕಾವನ್ನು ಊರಿಗೇ ಹಿಂದಿರುಗಿಸುತ್ತದೆ.

ಆ ಬೇವಿಗೆ ಕಾನೂನಿನ ಕಾವಲಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದಲ್ಲಿ ಸ್ವಂತ ಹಿತ್ತಲಿನ ಮರ ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಆದರೆ ಅನುಮತಿ ನಿರಾಕರಿಸಬಾರದ ಕೆಲವು ಕಾರಣಗಳನ್ನೂ ಕಾಯ್ದೆಯೇ ಪಟ್ಟಿ ಮಾಡಿದೆ: ಮರ ಸತ್ತಿರಬೇಕು, ರೋಗ ಬಡಿದಿರಬೇಕು, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿರಬೇಕು, ಇಲ್ಲವೇ ಸಂಚಾರಕ್ಕೆ ಅಡ್ಡಿಯಾಗಿರಬೇಕು. ಈ ಕೊನೆಯದು ಭಾರಿ ಅನುಕೂಲದ ಕಾರಣ. ಮರ ಇದ್ದಲ್ಲೇ ಇರುತ್ತದೆ. ರಸ್ತೆಯೇ ಅಗಲವಾಗುತ್ತ ಬಂದು ಅದನ್ನು ಅಡ್ಡಿಯಾಗಿಸುತ್ತದೆ.

ಕಾಯ್ದೆಯಲ್ಲಿ ಇನ್ನೊಂದು ಪಟ್ಟಿಯಿದೆ, ಕೇಳದೆಯೇ ಕಡಿಯಬಹುದಾದ ಮರಗಳದ್ದು. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್‌ಗಳ ಜೊತೆಗೆ ‘ಪ್ರೊಸೋಪಿಸ್’ ಎಂದೂ ಬರೆದಿದೆ. ಅಂದರೆ ನಮ್ಮ ಬಳ್ಳಾರಿ ಜಾಲಿ. ನಾಡಿನ ಮರಗಳಲ್ಲಿ ಈ ಊರಿನ ಹೆಸರು ಹೊತ್ತಿರುವುದು ಇದೊಂದು. ಅದಕ್ಕೇ ರಕ್ಷಣೆ ಇಲ್ಲ!

ಹಾಗೆ ನೋಡಿದರೆ ಅದು ಇಲ್ಲಿಯದೂ ಅಲ್ಲ. ಧಾತು–ಈಶ್ವರ ಸಂವತ್ಸರಗಳ ದೊಡ್ಡ ಬರದ ಹೊತ್ತಿಗೆ, 1877ರ ಸುಮಾರಿಗೆ, ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಸಮುದ್ರದಾಚೆಯಿಂದ ಬೀಜ ತರಿಸಿ ಪಕ್ಕದ ಕಡಪ ಜಿಲ್ಲೆಯಲ್ಲಿ ನೆಡಿಸಿದರು. ಮಳೆ ಬೇಡ, ಮಣ್ಣು ಎಂಥದಾದರೂ ಸರಿ, ಸೌದೆಯಂತೂ ಧಾರಾಳ. ಇಂಥ ಗಿಡಕ್ಕೆ ಬಳ್ಳಾರಿಗಿಂತ ಒಳ್ಳೆಯ ಮನೆ ಎಲ್ಲಿ? ಕುರಿ ಮೇಕೆಗಳು ಅದರ ಸಿಹಿ ಕಾಯಿ ತಿಂದು, ಹೋದಲ್ಲೆಲ್ಲ ಹಿಕ್ಕೆಯ ಜೊತೆ ಬೀಜ ಬಿತ್ತಿದವು. ಯಾವ ವನಮಹೋತ್ಸವವೂ ಇಷ್ಟು ಫಲ ಕೊಟ್ಟಿಲ್ಲ.

ಕುರುಗೋಡಿನ ಗುಡ್ಡಗಳ ಬುಡಕ್ಕೆ ಹೋಗಿ, ಜಾಲಿ. ಅಲ್ಲಿನ ದೊಡ್ಡಬಸವೇಶ್ವರನ ದರ್ಶನ ಮುಗಿಸಿ ಸಿರುಗುಪ್ಪದ ಕಡೆ ಹೊರಟರೆ ಕಾಲುವೆಯ ಒಂದು ಮಗ್ಗುಲಿಗೆ ತುಂಗಭದ್ರೆಯ ನೀರು ಕುಡಿದ ಭತ್ತ, ಇನ್ನೊಂದು ಮಗ್ಗುಲಿಗೆ ಏನನ್ನೂ ಕೇಳದ ಜಾಲಿ. ಅದನ್ನು ಬೈಯದವರಿಲ್ಲ. ನೆಲದ ನೀರು ಹೀರುತ್ತದೆ, ಹೊಲ ನುಂಗುತ್ತದೆ, ಟೈರು ತೂತು ಮಾಡುತ್ತದೆ. ಎಲ್ಲವೂ ನಿಜ. ಬೈದವರ ಹೊಲಕ್ಕೆ ಬೇಲಿ ಅದರ ಮುಳ್ಳಿನದೇ, ಒಲೆಗೆ ಸೌದೆ ಅದರದೇ ಎಂಬುದೂ ನಿಜ. ಇಷ್ಟು ವರ್ಷ ಇದು ಉರಿಯದೇ ಇದ್ದಿದ್ದರೆ ಬೇವು, ಹುಣಸೆಗಳಲ್ಲಿ ಎಷ್ಟು ಉಳಿಯುತ್ತಿದ್ದವೋ. ವೃಕ್ಷಾಧಿಕಾರಿಗೆ ಇದಕ್ಕಿಂತ ದೊಡ್ಡ ಸಹಾಯಕ ಸಿಕ್ಕಿರಲಾರ. ಸಂಬಳ ಮಾತ್ರ ಇಲ್ಲ.

ಈಗೊಂದು ತಮಾಷೆ ಆಗಿದೆ. ದಸರೆಗೆ ಬಂಗಾರವೆಂದು ಹಂಚುವ ಬನ್ನಿಯೂ ಪ್ರೊಸೋಪಿಸ್ ಕುಲದ್ದೇ. 2022ರಲ್ಲಿ ಸಸ್ಯವಿಜ್ಞಾನಿಗಳು ಆ ಕುಲವನ್ನು ಒಡೆದು ಪಾಲು ಮಾಡಿದರು. ಜಾಲಿ ‘ನೆಲ್ಟುಮಾ’ ಎಂಬ ಬೇರೆ ಮನೆಗೆ ಹೋಯಿತು, ಬನ್ನಿ ಹಳೆಯ ಮನೆಯಲ್ಲೇ ಉಳಿಯಿತು. ಕಾಯ್ದೆಯನ್ನು ಅಕ್ಷರಕ್ಕೆ ಅಕ್ಷರ ಓದುವ ವಕೀಲರಿದ್ದರೆ, ಪೂಜೆಯ ಬನ್ನಿಯನ್ನು ಕೇಳದೆ ಕಡಿಯಬಹುದು, ಜಾಲಿಗೆ ಮಾತ್ರ ಅರ್ಜಿ ಹಾಕಬೇಕು ಎಂದು ವಾದಿಸಿಯಾರು. ಬನ್ನಿಯ ಬಗ್ಗೆ ನನಗೆ ಚಿಂತೆಯಿಲ್ಲ. ಕಡಿಸಲೆಂದು ಬೇವಿಗೆ ನಂಬರು ಬರೆಯುವ ಎಂಜಿನಿಯರೂ ಬನ್ನಿಕಟ್ಟೆಯ ಮುಂದೆ ಚಪ್ಪಲಿ ಬಿಡುತ್ತಾರೆ.

ಹಗರಿ ಹೊಳೆಯ ದಂಡೆಯಲ್ಲಿ ಇದ್ದಲಿಗಾಗಿ ಜಾಲಿ ಕಡಿಯುತ್ತಿದ್ದ ಹಿರಿಯರೊಬ್ಬರಿಗೆ, ಜಾಲಿಗೂ ಅರ್ಜಿ ಹಾಕಬೇಕಾಗಬಹುದು ಎಂಬ ಈ ಸಂಗತಿ ಹೇಳಿದೆ.

“ಅರ್ಜಿ ಕೊಡಾಕ ಏನೂ ಇಲ್ರಿ. ಎಷ್ಟು ಮರ ಅಂತ ಬರೀಬೇಕು?”

50 ದಾಟಿದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳುತ್ತಾರೆ ಎಂದೆ.

“ಕೇಳ್ಲಿ ಬಿಡ್ರಿ. ಆಕ್ಷೇಪಣೆ ಇದ್ದೋರು ಬರಿಗಾಲಾಗ ಬಂದು ಹೇಳ್ಲಿ.”