ಹೊಟ್ಟೆ ಮೇಲಿನ ಚೀಲ



ಧರಣಿಗೆ ಬಂದ್ರೂ ಹಿಂದೆ ನಿಲ್ತೀರಿ, ಮಧ್ಯದಲ್ಲೇ ಕಾಣೆಯಾಗ್ತೀರಿ, ಯಾಕಣ್ಣ ಅಂತ ಹಲವರು ಕೇಳಿದ್ದೀರಿ. ಎರಡು ವರ್ಷ ಮುಚ್ಚಿಟ್ಟೆ. ಇವತ್ತು ಹೇಳಿಬಿಡ್ತೀನಿ. ನನ್ನ ಹೊಟ್ಟೆ ಮೇಲೆ ಉಚ್ಚೆ ಚೀಲ ಇದೆ.

ಮೂತ್ರಕೋಶದ ಕ್ಯಾನ್ಸರ್. ಬೀಡಿ ಸೇದಿದ್ರೆ ಶ್ವಾಸಕೋಶ ಹೋಗುತ್ತೆ ಅಂತ ಗೊತ್ತಿತ್ತು, ಆ ವಿಷ ಉಚ್ಚೆಗೂ ಇಳಿಯುತ್ತೆ ಅಂತ ಗೊತ್ತಿರಲಿಲ್ಲ. ನೋವಿಲ್ಲದೆ ರಕ್ತ ಹೋದಾಗ ಉಷ್ಣ ಅಂದ್ಕೊಂಡು ಆರು ತಿಂಗಳು ಎಳನೀರು ಕುಡಿದೆ. ನೀವು ಹಾಗೆ ಮಾಡಬೇಡಿ.

ಮೂತ್ರಕೋಶ ತೆಗೆದು, ಸಣ್ಣ ಕರುಳಿನ ಗೇಣುದ್ದದ ತುಂಡನ್ನೇ ನಾಳ ಮಾಡಿ ಹೊಕ್ಕುಳ ಬಲಕ್ಕೆ ಹೊರಗೆ ತಂದಿದ್ದಾರೆ. ಸ್ಟೋಮಾ ಅಂತಾರೆ. ಕೆಂಪಗಿರುತ್ತೆ, ಮುಟ್ಟಿದ್ರೆ ನೋವಿಲ್ಲ. ತಡೆದು ಹಿಡಿಯೋಕೆ ಆಗಲ್ಲ, ಹಗಲೂ ರಾತ್ರಿ ತೊಟ್ಟಿಕ್ಕುತ್ತಲೇ ಇರುತ್ತೆ. ಎರಡು ಮೂರು ಗಂಟೆಗೊಮ್ಮೆ ಚೀಲ ಖಾಲಿ ಮಾಡಬೇಕು. ಅಂಟಿಸಿದ ಪ್ಲೇಟು ಸಡಿಲಾದ್ರೆ ಉಚ್ಚೆ ತಾಗಿ ಚರ್ಮ ಸುಟ್ಟ ಹಾಗೆ ಉರಿಯುತ್ತೆ. ಆಪರೇಷನ್‌ಗೆ ಮುಂಚೆ ರೋಗೀನ ಕೂರಿಸಿ, ನಿಲ್ಲಿಸಿ, ಪ್ಯಾಂಟಿನ ಬೆಲ್ಟು ಎಲ್ಲಿ ಬರುತ್ತೆ ನೋಡಿ ಜಾಗ ಗುರುತು ಮಾಡಬೇಕಂತೆ. ನನಗೆ ಯಾರೂ ಮಾಡಲಿಲ್ಲ. ಈಗ ಬೆಲ್ಟು ಸರಿಯಾಗಿ ಅದರ ಮೇಲೇ ಕೂರುತ್ತೆ. ಅದಕ್ಕೇ ಈ ಲುಂಗಿ, ಸ್ಟೈಲಿಗಲ್ಲ.

ಆಪರೇಷನ್ನು ಬಿಪಿಎಲ್ ಕಾರ್ಡಲ್ಲಿ ಆಯ್ತು. ಚೀಲ, ಪ್ಲೇಟು ನನ್ನ ಜೇಬಿಂದ, ತಿಂಗಳಿಗೆ ಎರಡೂವರೆ ಸಾವಿರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆ ಇವೆ, ನಮ್ಮದು ಆ ಪಟ್ಟಿಯಲ್ಲಿಲ್ಲ. ಐದು ದಿನಕ್ಕೆ ಬದಲಾಯಿಸಬೇಕಾದ ಪ್ಲೇಟನ್ನ ಎಂಟು ದಿನ ಎಳೀತೀನಿ. ಹಾಗೆ ಎಳೆದಾಗಲೇ ಒಂದು ಸಲ ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋಗೋ ಬಸ್ಸಲ್ಲಿ ಸೋರಿತು. ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋದ್ರು. ಆ ಮುಖ ನನಗೆ ಹೊಸದಲ್ಲ. ಚಿಕ್ಕವನಿದ್ದಾಗ ಅಪ್ಪನ ಜೊತೆ ನಡೆದಾಗೆಲ್ಲ ನೋಡಿದ್ದೆ. ಅಪ್ಪ ಊರವರ ಕಕ್ಕಸು ಬಳಿದವರು. ನಮ್ಮ ಯಲಹಂಕದ ಶಾಸಕರೂ ಆಗಿದ್ದ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದ್ರು. ಅಪ್ಪನ ತಲೆಯಿಂದ ಬಕೆಟ್ಟು ಇಳೀತು, ವಾಸನೆಯ ಹೆಸರು ಇಳೀಲಿಲ್ಲ.

ಧರಣಿ ವಿಷಯಕ್ಕೆ ಬರ್ತೀನಿ. ನಾನು ಚೆನ್ನಾಗಿ ನೀರು ಕುಡಿಯಲೇಬೇಕು, ಇಲ್ಲಾಂದ್ರೆ ಸೋಂಕು, ಕಲ್ಲು. ಕುಡಿದ್ರೆ ಚೀಲ ತುಂಬುತ್ತೆ. ಎಲ್ಲಿ ಖಾಲಿ ಮಾಡೋದು? ಈ ಪ್ರಶ್ನೆ ಹುಟ್ಟಿದ ದಿನ ನಮ್ಮ ಒಬ್ಬ ಅಕ್ಕನ ಹತ್ರ ಹೇಳ್ಕೊಂಡೆ. ಅವರು ನಕ್ಕು, "ನಾವು ಹೆಂಗಸರು ಧರಣಿ ಇದ್ರೆ ಬೆಳಗ್ಗೆಯಿಂದ ನೀರೇ ಮುಟ್ಟಲ್ಲ ಕಣಪ್ಪಾ" ಅಂದ್ರು. 30 ವರ್ಷ ಮೈಕು, ಶಾಮಿಯಾನ, ಬ್ಯಾನರು ಎಲ್ಲಾ ನೋಡಿಕೊಂಡವನು ನಾನು. ಒಂದು ಸಲವೂ ಕಕ್ಕಸಿನ ಬಗ್ಗೆ ಕೇಳಿರಲಿಲ್ಲ. ಮುಂದಿನ ಸಭೆಯ ಖರ್ಚಿನ ಪಟ್ಟಿಯಲ್ಲಿ ಹಾರಕ್ಕಿಂತ ಮೊದಲು ಅದನ್ನ ಬರೆಯಿರಿ.

ಬಳಸಿದ ಚೀಲ ಬಿಸಾಡೋದೂ ನನಗೆ ಸಂಕಟವೇ. ಪುಟ್ಟೇನಹಳ್ಳಿಯಲ್ಲಿ ನಮ್ಮ ಬೀದಿ ಕಸ ತಗೊಳ್ಳೋಳು ನಮ್ಮ ಕೇರಿಯ ಹುಡುಗಿ. ತೊಳೆದು, ಪೇಪರಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಕೈಗೇ ಕೊಡ್ತೀನಿ. ಮೊದಲ ದಿನ "ಏನಣ್ಣ ಇದು?" ಅಂದ್ಲು. "ಉಚ್ಚೆ ಚೀಲ ಕಣಮ್ಮ, ತೊಳೆದಿದ್ದೀನಿ" ಅಂದೆ.

"ಈ ಬೀದೀಲಿ ತೊಳ್ದು ಕೊಡೋರು ನೀವೊಬ್ರೇ ಅಣ್ಣ" ಅಂದು ಗಾಡಿ ತಳ್ಕೊಂಡು ಹೋದ್ಲು.